ಸೊನ್ನೆಯಿಂದ ಆರರವರೆಗೆ

ಕೊಪ್ಪ
೧೨ ಆಗಸ್ಟ್ ೨೦೨೫

ಪ್ರೀತಿಯ ರುಬೀನಾ ಆಪಾ,

ಸಲಾಮ್. ನರಸಿಂಹರಾಜಪುರದಲ್ಲಿ ಭಾವ, ಮಕ್ಕಳು ಆರೋಗ್ಯ ತಾನೆ? ನಿನ್ನ ಕರೆಗಳನ್ನು ಎತ್ತದಿದ್ದಕ್ಕೆ ಕೋಪ ಬೇಡ. ನನ್ನ ದನಿ ಕೇಳಿದ ಕೂಡಲೇ ನಿನಗೆ ಎಲ್ಲ ತಿಳಿದುಬಿಡುತ್ತದೆಂದು ಹೆದರಿದ್ದೆ. ತಮ್ಮ ರಫೀಕನಿಗೆ ಶೃಂಗೇರಿ ಪೇಟೆಯಲ್ಲಿ ಅಂಗಡಿ ಸಿಕ್ಕಿತಂತೆ, ಸಂತೋಷ. ಈ ಪತ್ರದ ವಿಷಯ ಅವನಿಗೆ ಸದ್ಯಕ್ಕೆ ಹೇಳಬೇಡ.

ಕಳೆದ ತಿಂಗಳು ನಮ್ಮ ಆಸ್ಪತ್ರೆಗೆ ಗಾನವಿ ಎಂಬ ಸಂಶೋಧಕಿ ಬಂದಿದ್ದಳು. ನಾವು ನರ್ಸುಗಳು ಕೆಲಸದಿಂದ ಎಷ್ಟು ಬತ್ತಿಹೋಗಿದ್ದೇವೆ, ಇನ್ನೊಬ್ಬರ ನೋವು ನಮಗೆಷ್ಟು ತಿಳಿಯುತ್ತದೆ ಎಂದು ಅಳೆಯುವ ಪ್ರಶ್ನೆಗಳ ಹಾಳೆ ಕೊಟ್ಟಳು. ಸೊನ್ನೆಯೆಂದರೆ ‘ಎಂದೂ ಇಲ್ಲ’, ಆರೆಂದರೆ ‘ದಿನಾಲೂ’. ರೋಗಿಗೆ ಏನಾದರೂ ನನಗೇನೂ ಅನ್ನಿಸುವುದಿಲ್ಲ ಎಂಬ ಸಾಲಿಗೆ ಸೊನ್ನೆ ಹಾಕಿದೆ. ಹೆಸರು ಬರೆಯಬೇಕಿರಲಿಲ್ಲ, ಆದರೂ ಸುಳ್ಳು ಬರೆದೆ.

ಅದಾದ ಮೂರನೆಯ ದಿನ ಬೆಳಿಗ್ಗೆ ಹರಿಹರಪುರದ ಯಮುನಮ್ಮ ಎಂಬ ಅಜ್ಜಿಗೆ ಇಂಜೆಕ್ಷನ್ ಕೊಡಲು ಹೋದೆ. “ಎಂತ ಇದು ಮಾರಾಯ್ತಿ? ನಂಗೆ ಸಕ್ಕರೆ ಕಾಯಿಲೆನೇ ಇಲ್ಲ!” ಎಂದು ಕೈ ಎಳೆದುಕೊಂಡರು. ನನ್ನ ಕೈಯಲ್ಲಿದ್ದದ್ದು ಪಕ್ಕದ ಹಾಸಿಗೆಯವರ ಇನ್ಸುಲಿನ್. ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಪಕ್ಕದ ಹಾಸಿಗೆಗೆ ತಿರುಗಿ ಅಲ್ಲಿದ್ದವರಿಗೆ ಚುಚ್ಚಿದೆ, ಅಷ್ಟೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಭಯ ಹತ್ತಿತು. ಅಜ್ಜಿ ನಿದ್ದೆಯಲ್ಲಿದ್ದಿದ್ದರೆ? ನನಗೆ ನನ್ನ ಕೈಗಳನ್ನು ಕಂಡೇ ಹೆದರಿಕೆಯಾಯಿತು.

ಗಾನವಿಯನ್ನು ಹುಡುಕಿ ಹೊಸ ಹಾಳೆ ಕೇಳಿ, ನಿಜ ಬರೆದೆ. ಕೂಡಿಸಿ ನೋಡಿದವಳು, “ಅಕ್ಕಾ, ಈ ಅಂಕಿ ನೋಡಿ ಕಾಯಿಲೆ ಅಂತ ಹೇಳಕ್ಕಾಗಲ್ಲ. ಆದ್ರೆ ನೀವು ಇವತ್ತೇ ಯಾರಿಗಾದ್ರೂ ಹೇಳ್ಬೇಕು” ಎಂದಳು.

ಮೇಲ್ವಿಚಾರಕಿ ಅನ್ನಮ್ಮ ಸಿಸ್ಟರ್ ಬಳಿ ಎಲ್ಲ ಒಪ್ಪಿಕೊಂಡೆ. ಕೆಲಸ ಹೋಯಿತೆಂದೇ ಅಂದುಕೊಂಡಿದ್ದೆ. ಅವರು ಬಾಗಿಲು ಹಾಕಿ ಬಂದು, “ನೀನು ಮೂರು ಜನರ ಕೆಲಸ ಒಬ್ಳೇ ಮಾಡ್ತಿದ್ದೆ. ನಾನೂ ನೋಡಿ ಸುಮ್ನಿದ್ದೆ” ಎಂದರು. ಒಂದು ತಿಂಗಳ ರಜೆ ಬರೆದು, ಶಿವಮೊಗ್ಗದ ಮನೋವೈದ್ಯರಿಗೆ ಚೀಟಿ ಕೊಟ್ಟರು. ಅಜ್ಜಿ ಚೆನ್ನಾಗಿಯೇ ಮನೆಗೆ ಹೋದರು. ಆದರೂ ಸಿರಿಂಜು ಕಂಡರೆ ಈಗಲೂ ಬೆವರುತ್ತೇನೆ.

ರಜೆಯಲ್ಲಿ ನಿನ್ನ ಮನೆಗೆ ಬರಲೇ? ಪತ್ರವನ್ನು ಕೊನೆಯವರೆಗೆ ಓದಿದ ಮೇಲೆ ಉತ್ತರಿಸು. ಮಕ್ಕಳನ್ನು ಅಲ್ಲಾಹ್ ಸುಖವಾಗಿಡಲಿ.

ನಿನ್ನ ತಂಗಿ,
ಸಬೀಹಾ

ತಾ.ಕ.: ಚಳಿಗಾಲದಲ್ಲಿ ಅಮ್ಮಿ ನನ್ನ ವಾರ್ಡಿನಲ್ಲೇ ತೀರಿಕೊಂಡಾಗ, ಕೊನೆಗೆ ಏನಾದರೂ ಹೇಳಿದರಾ ಎಂದು ನೀನು ಕೇಳಿದ್ದೆ. ನಿದ್ದೆಯಲ್ಲೇ ಹೋದರು ಎಂದಿದ್ದೆ. ಅಲ್ಲ ಆಪಾ. ಪರದೆಯ ಆಚೆಯಿಂದ ಮೂರು ಸಲ “ಬೇಟಾ, ಪಾನಿ” ಎಂದು ನೀರಿಗಾಗಿ ಕೂಗಿದರು. ನಾನು ತಲೆ ಎತ್ತದೆ, “ಸುಮ್ನಿರಿ, ಬರ್ತೀನಿ” ಎಂದೆ. ಅದು ಅಮ್ಮಿಯ ದನಿ ಎಂದು ನನಗೆ ಗೊತ್ತೇ ಆಗಲಿಲ್ಲ.