ಹಿಂದೆ ಬರುವ ಕೂಸುಗಾಡಿ

ಹುಬ್ಬಳ್ಳಿ
ಎರಡನೆಯ ಬೇಸಿಗೆಯ ಹನ್ನೊಂದನೆಯ ದಿನ, 2178

ನಮ್ಮ ಅಜ್ಜಿಯ ಮುತ್ತಜ್ಜಿಯಾದ ನೀಲಾಂಬಿಕಾ ಅವರಿಗೆ, ಆರಿದ್ರಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಕೇಳಿ ಕಾಗದವನ್ನು ಮಡಿಸಿ ಇಟ್ಟುಬಿಡಬೇಡಿ. ನಿಮ್ಮ ಕಾಲದಲ್ಲಿ ವರ್ಷಕ್ಕೆ ಒಂದೇ ಬೇಸಿಗೆ ಇತ್ತೆಂದು ಕೇಳಿದ್ದೇನೆ. ನಮಗೆ ಎರಡು, ಮಳೆಗೆ ಮೊದಲು ಒಂದು, ಮಳೆ ಕಳೆದ ಮೇಲೆ ಇನ್ನೊಂದು. ಈ ಕಾಗದವನ್ನು ನಾನು ಬೆರಳಿಗೆ ತಾಗುವ ಚುಕ್ಕಿಗಳಲ್ಲಿ ಬರೆದೆ. ನನ್ನ ಅಕ್ಕ ರೋಹಿಣಿ ಅದನ್ನು ನಿಮ್ಮ ಕಾಲದ ಅಕ್ಷರಗಳಿಗೆ ಇಳಿಸಿದ್ದಾಳೆ. ನಿಮ್ಮ ಕನ್ನಡಕ್ಕೆ ಹತ್ತಿರವಾಗಲೆಂದು ನಾವಿಬ್ಬರೂ ಬಹಳ ಕಷ್ಟಪಟ್ಟಿದ್ದೇವೆ, ಆದರೂ ಕೆಲವು ಮಾತು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ಇದನ್ನು ಬೇರೆ ಯಾರಾದರೂ ನಿಮಗೆ ಓದಿ ಹೇಳುತ್ತಿದ್ದರೆ ಅವರಿಗೂ ನನ್ನ ನಮಸ್ಕಾರ.

ನನಗೆ ಈಗ ಮೂವತ್ತೊಂದು ವರ್ಷ, ಐದು ತಿಂಗಳು ತುಂಬಿದ ಬಸುರಿ. ಮೊದಲ ಮೂರು ತಿಂಗಳ ವಾಂತಿ ನಿಂತು, ಊಟ ರುಚಿಸತೊಡಗಿದೆ. ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಸಾಕು, ಹಸಿವಾಗುತ್ತದೆ. ನನಗೆ ಕಣ್ಣು ಕಾಣುವುದಿಲ್ಲ. ಹದಿನಾರರಲ್ಲಿ ಸಂಜೆಯ ಹೊತ್ತು ಮಬ್ಬಾಗತೊಡಗಿತು. ಆಮೇಲೆ ಕೊಳವೆಯೊಳಗಿಂದ ನೋಡಿದಷ್ಟೇ ಲೋಕ ಉಳಿಯಿತು. ಇಪ್ಪತ್ತೆರಡಕ್ಕೆ ಅದೂ ಮುಚ್ಚಿತು. ಇದು ಹೇಗೆ ಆಗುತ್ತದೆಂದು ನಿಮಗೆ ನಾನು ವಿವರಿಸಬೇಕಿಲ್ಲ. ಈ ಕಾಲದ ವೈದ್ಯರು ಎಷ್ಟೋ ಬಗೆಯ ಕುರುಡನ್ನು ವಾಸಿ ಮಾಡುತ್ತಾರೆ, ಆದರೆ ನಮ್ಮ ಮನೆತನದ ಈ ಕಣ್ಣು ಅವರ ಮದ್ದಿಗೂ ಬಗ್ಗಲಿಲ್ಲ. ನನ್ನ ಕೈಯಲ್ಲಿ ಇರುವುದು ನಿಮ್ಮ ಕೈಯಲ್ಲಿ ಇರುವಂಥದೇ ಒಂದು ಬಿಳಿ ಕೋಲು.

ನಮ್ಮ ಊರಿನ ದಿನಚರಿ ಸ್ವಲ್ಪ ಹೇಳಿದರೆ ಮುಂದಿನದು ನಿಮಗೆ ತಿಳಿಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಗಂಟೆ ಹೊಡೆದರೆ ಉರಿಹೊತ್ತು ಶುರು. ಸಂಜೆ ಐದರವರೆಗೆ ಬಯಲಿಗೆ ಯಾರೂ ಬರಕೂಡದು. ಆದ್ದರಿಂದ ಸಂತೆ, ಶಾಲೆ, ಮದುವೆ ಎಲ್ಲವೂ ಬೆಳಗಿನ ಜಾವ ಇಲ್ಲವೇ ಸಂಜೆ. ಮನೆಗಳ ನಡುವಿನ ಓಣಿಗಳ ಮೇಲೆ ಬಳ್ಳಿ ಹಬ್ಬಿಸಿ, ಬಟ್ಟೆ ಕಟ್ಟಿ ಚಪ್ಪರ ಹಾಕಿದ್ದಾರೆ. ಅವುಗಳಿಗೆ ನೆರಳೋಣಿ ಎಂದು ಹೆಸರು. ಜನ ನಡೆಯುವುದೂ ಅಲ್ಲೇ, ಮಾರುವುದೂ ಅಲ್ಲೇ. ಪ್ರತಿ ಪೇಟೆಗೆ ಒಂದು ತಾಯ್ಮನೆ ಇದೆ, ನಿಮ್ಮ ಹೆರಿಗೆ ಆಸ್ಪತ್ರೆಯನ್ನೂ ಅಂಗನವಾಡಿಯನ್ನೂ ಒಂದೇ ಸೂರಿನಡಿ ತಂದ ಜಾಗ. ಐದನೆಯ ತಿಂಗಳಿನಲ್ಲಿ ಬಸುರಿಯರು ಅಲ್ಲಿಗೆ ಹೋಗಿ ತಪಾಸಣೆ ಮಾಡಿಸಿಕೊಂಡು, ಕೂಸುಗಾಡಿಯನ್ನು ಆರಿಸಿ ಬರಬೇಕು. ಹುಟ್ಟುವ ಮೊದಲೇ ಕೂಸಿಗೆ ಏನನ್ನೂ ತರಬಾರದೆಂದು ನಿಮ್ಮ ಅತ್ತೆಯವರು ಹೇಳುತ್ತಿದ್ದರಂತಲ್ಲ, ಆ ಅಂಜಿಕೆ ಈಗ ಹೋಗಿದೆ. ಗಾಡಿಗಳು ಒಂದು ಮನೆಯಲ್ಲಿ ಎರಡು ವರ್ಷ ಇದ್ದು ಇನ್ನೊಂದು ಮನೆಗೆ ಹೋಗುತ್ತವೆ.

ನಾನು ಗಂಡ ಕಲ್ಮೇಶನೊಡನೆ ಹೋದೆ. ಅಲ್ಲಿನ ದಾದಿ ಗುರುಸಿದ್ದವ್ವ ಬಹಳ ಒಳ್ಳೆಯ ಹೆಂಗಸು. ನನ್ನ ಕೈ ಹಿಡಿದು ಒಂದೊಂದೇ ಗಾಡಿಯನ್ನು ಮುಟ್ಟಿಸಿದರು. ಮಡಚುವ ಗಾಡಿ, ಅವಳಿ ಕೂಸುಗಳ ಗಾಡಿ, ತಣ್ಣೀರಿನ ಹಾಸಿಗೆಯ ಗಾಡಿ. ಕಡೆಗೆ ತಾನೋಟದ ಗಾಡಿಯ ಬಳಿ ನಿಲ್ಲಿಸಿದರು. ತಾನೋಟ ಎಂದರೆ ತಳ್ಳುವವರು ಬೇಕಿಲ್ಲ, ಅದೇ ದಾರಿ ಹುಡುಕಿಕೊಂಡು ಹೋಗುತ್ತದೆ. ಕಣ್ಣಿಲ್ಲದ ತಾಯಂದಿರಿಗೆ ಇದನ್ನೇ ಕೊಡಬೇಕೆಂಬುದು ನಿಯಮ ಎಂದರು. ಅದರ ಅಂಚಿನ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಡೆದರೆ ಸಾಕಂತೆ. ಒಂದು ವಾರ ನೋಡೋಣವೆಂದು, ಕೂಸಿನ ತೂಕಕ್ಕೆ ಸರಿಯಾಗಿ ಜೋಳ ತುಂಬಿದ ಚೀಲವನ್ನು ಅದರಲ್ಲಿ ಮಲಗಿಸಿ ಕಳುಹಿಸಿದರು.

ಮೂರನೆಯ ದಿನ ಬೆಳಿಗ್ಗೆ ನಾನೊಬ್ಬಳೇ ಅದರೊಂದಿಗೆ ದುರ್ಗದ ಬಯಲಿನ ಸಂತೆಗೆ ಹೊರಟೆ. ಟ್ರಾಮಿನಿಂದ ಇಳಿದ ಜನ ಒಮ್ಮೆಲೇ ನುಗ್ಗಿ ಬಂದರು. ಯಾರದೋ ಬುಟ್ಟಿ ಭುಜಕ್ಕೆ ತಾಗಿ ನಾನು ಅರೆಗಳಿಗೆ ನಿಂತೆ. ಅಷ್ಟರಲ್ಲಿ ಗಾಡಿಯ ಅಂಚು ನನ್ನ ಅಂಗೈಯಿಂದ ಜಾರಿತು. ಅದು ತಪ್ಪೇನೂ ಮಾಡಲಿಲ್ಲ, ಜನಸಂದಣಿ ತಪ್ಪಿಸಿ ಸುಮ್ಮನೆ ಮುಂದೆ ಹೋಗಿ ಒಂದು ನೆರಳಿನಲ್ಲಿ ನಿಂತಿತು. ಆದರೆ ಅದು ಎಲ್ಲಿ ನಿಂತಿದೆಯೆಂದು ನನಗೆ ಹೇಗೆ ಗೊತ್ತಾಗಬೇಕು? ಕೋಲನ್ನು ಆ ಕಡೆ ಈ ಕಡೆ ಬೀಸಿದೆ, ಬರಿಗೈ ಚಾಚಿದೆ. ಜನರ ಕಾಲುಗಳು, ಮೂಟೆಗಳು, ಒಂದು ನಾಯಿ. ಯಾರೋ ಹೆಂಗಸು ಕೈಹಿಡಿದು ಗಾಡಿಯ ಬಳಿಗೆ ಕರೆದೊಯ್ಯುವ ಹೊತ್ತಿಗೆ ನನ್ನ ಸೀರೆಯೆಲ್ಲ ಬೆವರಿನಿಂದ ತೊಯ್ದಿತ್ತು. ನಲವತ್ತು ಹೆಜ್ಜೆ ದೂರವಿತ್ತಂತೆ. ನಾನು ಬಗ್ಗಿ ಆ ಜೋಳದ ಚೀಲವನ್ನು ಎತ್ತಿಕೊಂಡು, ಎದೆಗೆ ಒತ್ತಿಕೊಂಡು ಮನೆಯವರೆಗೂ ನಡೆದೆ. ಗಾಡಿ ಖಾಲಿಯಾಗಿ ಪಕ್ಕದಲ್ಲಿ ಬರುತ್ತಿತ್ತು.

ಮನೆಯಲ್ಲಿ ಎಲ್ಲರೂ ಸಮಾಧಾನ ಮಾಡಿದರು. ಚೀಲ ತಾನೆ, ಗಾಡಿಯೂ ಸುರಕ್ಷಿತವಾಗಿಯೇ ಇತ್ತಲ್ಲ ಎಂದರು. ಕಲ್ಮೇಶ ನನ್ನ ಪಾದ ಒತ್ತುತ್ತಾ ಹೇಳಿದ: "ಬಿಡು, ಗಾಡಿ ನಾನ ದಬ್ಬತೇನಿ. ನೀ ಆರಾಮ ನನ್ನ ಜೊತಿಗೆ ಬಾ." ಅವನ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಆದರೆ ನನಗೆ ಆ ಮಾತು ನುಂಗಲಾಗಲಿಲ್ಲ. ಅವನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ನನ್ನ ಕೂಸು ಮತ್ತು ನಾನು ಬಾಗಿಲು ಹಾಕಿಕೊಂಡು ಕೂತಿರಬೇಕೇ? ಅಂದಿನಿಂದ ಎಷ್ಟೋ ದಿನ ನಾನು ಅವನೊಡನೆ ಸರಿಯಾಗಿ ಮಾತಾಡಲಿಲ್ಲ. ತಪ್ಪು ಅವನದಲ್ಲವೆಂದು ಗೊತ್ತಿದ್ದೂ ಮಾತಾಡಲಿಲ್ಲ.

ಆಗ ನಾನು ನಿಮ್ಮ ದನಿಯನ್ನು ಹುಡುಕಿದೆ. ಬೆಳಗಾವಿಯಲ್ಲಿರುವ ತಂಗಿಗೆ ನೀವು ಕಳಿಸುವ ವಾಯ್ಸ್ ಮೆಸೇಜುಗಳಿವೆಯಲ್ಲ. ಅವುಗಳಲ್ಲಿ ಎಂಟು ಉಳಿದುಕೊಂಡಿವೆ. ಮಗಳಿಂದ ಮಗಳಿಗೆ ಬಂದು, ಅವ್ವ ತೀರಿಕೊಂಡ ಮೇಲೆ ನನಗೂ ಅಕ್ಕನಿಗೂ ಸೇರಿವೆ. ಚಿಕ್ಕಂದಿನಲ್ಲಿ ನಾವು ಅವನ್ನು ಆಟಕ್ಕೆ ಹಾಕಿಕೊಂಡು, ನಿಮ್ಮ ಹಾಗೆ ಮಾತಾಡಿ ನಗುತ್ತಿದ್ದೆವು. ಈ ಸಲ ಕೈಯನ್ನು ಹೊಟ್ಟೆಯ ಮೇಲಿಟ್ಟು ಕೇಳಿದೆ. ನಾಲ್ಕನೆಯದರಲ್ಲಿ ನೀವೂ ಐದು ತಿಂಗಳ ಬಸುರಿ. ಕೂಸುಗಾಡಿ ನೋಡಲು ಅಂಗಡಿಗೆ ಹೋದದ್ದನ್ನು ಹೇಳುತ್ತೀರಿ. ಅಂಗಡಿಯವನು ನಿಮ್ಮನ್ನು ಬಿಟ್ಟು ಎಲ್ಲವನ್ನೂ ನಿಮ್ಮ ಯಜಮಾನರನ್ನೇ ಕೇಳುತ್ತಿದ್ದನಂತೆ, ಬಸುರಿ ಅವರೇ ಎನ್ನುವ ಹಾಗೆ. ಹೀಗೆ ಹೇಳಿ ನೀವು ನಗುತ್ತೀರಿ. ಬೀದಿಯಲ್ಲಿ ಯಾವುದೋ ವಾಹನ ಹಾರ್ನ್ ಹೊಡೆಯುತ್ತಾ ಹೋಗುತ್ತದೆ. ನಂತರ ನೀವು ಮನೆಯ ಮಾಳಿಗೆಯ ಮೇಲೆ ನೆರೆಮನೆಯ ಹಳೆಯ ಗಾಡಿ ತಂದು ಅಭ್ಯಾಸ ಮಾಡಿದ್ದನ್ನು ಹೇಳುತ್ತೀರಿ. ಆ ಮಾತನ್ನು ನಾನು ಹತ್ತು ಸಲವಾದರೂ ಕೇಳಿದ್ದೇನೆ:

"ಮುಂದ ದಬ್ಬಿದ್ರ ಏನರ ಇದ್ರ ಮೊದಲ ಕೂಸಿಗೆ ಬಡೀತೈತಿ, ನನಗ ಆಮ್ಯಾಲೆ ಗೊತ್ತಾಗತೈತಿ. ಅದಕ್ಕ ನಾ ಮಕ ತಿರುಗಿಸಿ ಹಿಂದ ಎಳಕೊಂಡು ಹೊಂಟೆ. ಕೋಲು ಮೊದಲ, ನಾ ಆಮ್ಯಾಲೆ, ಕೂಸು ಕಡೀಗೆ. ಬಡದ್ರ ನನಗ ಬಡೀಲಿ."

ಇಷ್ಟು ಸರಳವಾದದ್ದು ಇಷ್ಟು ಜನರಲ್ಲಿ ಯಾರಿಗೂ ಹೊಳೆದಿರಲಿಲ್ಲ, ಅಜ್ಜಿ. ನಮ್ಮ ಕಾಲದಲ್ಲಿ ಎಲ್ಲ ಗಾಡಿಗಳೂ ಮುಂದಕ್ಕೇ ಹೋಗುತ್ತವೆ, ಹಿಂದಕ್ಕೆ ಎಳೆಯಬಹುದೆಂಬುದೇ ಮರೆತುಹೋಗಿದೆ.

ಮರುದಿನ ನಾನೂ ಅಕ್ಕನೂ ಗಾಡಿ ರಿಪೇರಿ ಮಾಡುವ ಮಾಬುಬಿಯವರಲ್ಲಿಗೆ ಹೋದೆವು. ಎಪ್ಪತ್ತರ ಹೆಂಗಸು. ತಾಯ್ಮನೆ ಬೇಡವೆಂದು ಬಿಸಾಕಿದ ಗಾಡಿಗಳನ್ನು ಬಿಚ್ಚಿ ಜೋಡಿಸುವುದೇ ಅವರ ಕಸುಬು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಕೂಸಿನ ಮುಖ ನಿನ್ನ ಬೆನ್ನಿನ ಕಡೆಗೆ ಇರಬೇಕೋ ಆಚೆಗೋ ಎಂದು ಕೇಳಿದರು. ಅವರು ಕೇಳಿದ್ದು ನನ್ನನ್ನು, ಅಕ್ಕನನ್ನಲ್ಲ. ನನ್ನ ಬೆನ್ನಿನ ಕಡೆಗೆ ಎಂದೆ.

ಅದನ್ನು ಮಾಡಲು ಅವರಿಗೆ ಹತ್ತೊಂಬತ್ತು ದಿನ ಹಿಡಿಯಿತು. ಮೊದಲ ಸಲ ಗಾಲಿ ನನ್ನ ಹಿಮ್ಮಡಿಗೆ ಬಡಿಯಿತು, ಹಿಡಿಯನ್ನು ಉದ್ದ ಮಾಡಿ ಎಡಕ್ಕೆ ಬಾಗಿಸಿದರು. ಎರಡನೆಯ ಸಲ ಇಳಿಜಾರಿನಲ್ಲಿ ಗಾಡಿ ನನ್ನನ್ನೇ ದೂಡಿತು, ಹಿಡಿ ಸಡಿಲಿಸಿದರೆ ಗಾಲಿ ಕಚ್ಚಿಕೊಳ್ಳುವಂತೆ ಒಂದು ಕೊಂಡಿ ಹಾಕಿದರು. ನನ್ನ ಕೈಯನ್ನು ಹಿಡಿಗೆ ಸೇರಿಸಿ ಕಟ್ಟುವ ಒಂದು ಪಟ್ಟಿ ಹೊಲಿದರು. ಮೂರನೆಯ ಸಲ ಅವರು ನೆಲದ ಮೇಲೆ ಕೂತು ನನ್ನ ಹಿಮ್ಮಡಿಗೂ ಗಾಲಿಗೂ ನಡುವೆ ಎಷ್ಟು ಜಾಗವಿದೆಯೆಂದು ಬೆರಳಿನಲ್ಲಿ ಅಳೆಯುತ್ತಿದ್ದಾಗ ನನ್ನ ಹೊಟ್ಟೆಯೊಳಗೆ ಮೀನು ಬಾಲ ಬಡಿದಂತಾಯಿತು. ನಾನು ಉಸಿರು ಬಿಗಿಹಿಡಿದು ನಿಂತೆ. ಇನ್ನೊಮ್ಮೆ ಆಯಿತು. ಮಾಬುಬಿ ಎದ್ದು, ಎಣ್ಣೆಯ ಕೈಯನ್ನು ಒರೆಸಿಕೊಂಡು, ನನ್ನ ಹೊಟ್ಟೆಯ ಮೇಲೆ ಇಟ್ಟರು. "ಕೂಸು ಎದ್ದೈತಿ ಬೇಟಿ," ಎಂದರು. ಅಂದು ಸಂಜೆ ಮನೆಗೆ ಹೋದವಳೇ ಕಲ್ಮೇಶನ ಕೈಯನ್ನೂ ಅಲ್ಲಿಯೇ ಇಡಿಸಿದೆ. ನಮ್ಮ ಮೌನ ಅಲ್ಲಿಗೆ ಮುಗಿಯಿತು. ಗಾಡಿಯ ಬಗ್ಗೆ ಅವನು ಕೇಳಿದ, ನಾನು ಎಲ್ಲವನ್ನೂ ಹೇಳಿದೆ. ಮರುದಿನದಿಂದ ಅವನು ನೆರಳೋಣಿಯಲ್ಲಿ ಬೇಕೆಂದೇ ಬುಟ್ಟಿ, ಮಣೆ, ಕೊಡ ಅಡ್ಡ ಇಟ್ಟು ನನ್ನನ್ನು ನಡೆಸಿದ. ಒಂದನ್ನೂ ಎಲ್ಲಿಟ್ಟಿದ್ದೇನೆಂದು ಬಾಯಿಬಿಡಲಿಲ್ಲ.

ನಿಯಮದಲ್ಲಿ ಇಲ್ಲದ ಗಾಡಿಯಾದ್ದರಿಂದ ಗುರುಸಿದ್ದವ್ವ ಕಣ್ಣಾರೆ ನೋಡಿಯೇ ಒಪ್ಪಬೇಕಿತ್ತು. ತಾಯ್ಮನೆಯ ಬಾಗಿಲಿನಿಂದ ಟ್ರಾಮ್ ಹಳಿ ದಾಟಿ ಹಣ್ಣಿನ ಅಂಗಡಿಗಳವರೆಗೆ ಹೋಗಿ ಬರಬೇಕು. ಜೋಳದ ಚೀಲವನ್ನು ಗಾಡಿಯಲ್ಲಿ ಇಟ್ಟರು. ಅಷ್ಟರಲ್ಲಿ ಅಕ್ಕ ಆ ಚೀಲವನ್ನು ಎತ್ತಿ ಕೆಳಗಿಟ್ಟಳು. ಅವಳ ಸೊಂಟದ ಮೇಲೆ ಎಂಟು ತಿಂಗಳ ಮಗಳಿದ್ದಳು.

"ಚೀಲ ಬ್ಯಾಡ," ಎಂದಳು ಅಕ್ಕ. "ನನ್ನ ಮಗಳನ್ನ ಕೂಡಸ್ತೇನಿ."

ಗುರುಸಿದ್ದವ್ವ ಬೇಡವೆಂದರು. ನಾನೂ ಬೇಡವೆಂದೆ. ಅಕ್ಕ ಯಾರ ಮಾತನ್ನೂ ಕೇಳದೆ ಮಗುವನ್ನು ಕೂರಿಸಿ ಪಟ್ಟಿ ಬಿಗಿದು, ಹಿಡಿಯನ್ನು ನನ್ನ ಕೈಗೆ ಕೊಟ್ಟಳು. ಅವಳ ಕೈಯೂ ತಣ್ಣಗಿತ್ತು. ಧೈರ್ಯದಿಂದಲ್ಲ, ನನಗಾಗಿ ಅವಳು ಹಾಗೆ ಮಾಡಿದಳೆಂದು ಆಗಲೇ ಗೊತ್ತಾಯಿತು.

ನಾನು ನಡೆದೆ. ಹಳಿ ದಾಟುವಾಗ ಗಾಲಿಗಳು ಎರಡು ಸಲ ಎದ್ದು ಬಿದ್ದವು, ಮಗು ಹೋ ಎಂದು ಕೂಗಿತು. ಅದರ ದನಿ ಸರಿಯಾಗಿ ನನ್ನ ಬೆನ್ನಿಗೇ ಬಂದು ತಾಗುತ್ತಿತ್ತು, ಅದು ಎಲ್ಲಿದೆಯೆಂದು ಹುಡುಕುವ ಮಾತೇ ಇರಲಿಲ್ಲ. ಹಣ್ಣಿನ ಅಂಗಡಿಯ ಮುಂದೆ ಯಾರೋ ಹೊಸದಾಗಿ ಕಲ್ಲಿನ ಬೆಂಚು ಹಾಕಿದ್ದರು. ಅವಸರದಲ್ಲಿದ್ದ ನನ್ನ ಕೋಲು ಅದರ ಕಾಲುಗಳ ನಡುವೆ ತೂರಿತು, ಮೊಣಕಾಲು ಜೋರಾಗಿ ಬಡಿಯಿತು. ನಾನು ನಿಂತೆ, ಗಾಡಿಯೂ ಹಿಂದೆ ನಿಂತಿತು. ಮಗುವಿಗೆ ಏನೂ ಗೊತ್ತಾಗಲಿಲ್ಲ. ನನ್ನ ಸೆರಗಿನ ತುದಿಯನ್ನು ಹಿಡಿದು ಎಳೆಯುತ್ತಿತ್ತು. ಮೊಣಕಾಲು ನೋಯುತ್ತಿದ್ದರೂ ನನಗೆ ನಗು ಬಂತು. ಬಳಸಿ ನಡೆದು, ತಿರುಗಿ ಬಂದೆ. ಗುರುಸಿದ್ದವ್ವ ಬಹಳ ಹೊತ್ತು ಏನನ್ನೋ ಬರೆದರು. ಬರೆದದ್ದನ್ನು ಓದಿ ಹೇಳಿದರು: ಕಣ್ಣಿಲ್ಲದ ತಾಯಂದಿರು ಬಯಸಿದರೆ ಎಳೆಯುವ ಗಾಡಿ. ಅದು ಈಗ ನಿಯಮದಲ್ಲಿ ಸೇರಿದೆ. ಕಳೆದ ವಾರ ಗದಗಿನಿಂದ ಒಬ್ಬ ತಾಯಿ, ಆಮೇಲೆ ಕಣ್ಣಿಲ್ಲದ ಒಬ್ಬ ತಂದೆ, ಮಾಬುಬಿಯವರಲ್ಲಿಗೆ ಬಂದು ಕಾಲಿನ ಅಳತೆ ಕೊಟ್ಟು ಹೋದರು.

ಇದೆಲ್ಲ ನಿಮ್ಮಿಂದ ಆದದ್ದು. ನಿಮಗೆ ಅದು ತಂಗಿಯೊಡನೆ ಆಡಿದ ನಾಲ್ಕು ಮಾತು. ಮಾಳಿಗೆಯ ಬಿಸಿಲಿನಲ್ಲಿ, ನೋಡಿದವರು ಏನೆಂದಾರು ಎಂಬ ಸಂಕೋಚದಲ್ಲಿ ಮಾಡಿದ ಸಣ್ಣ ಅಭ್ಯಾಸ. ನೂರೈವತ್ತು ವರ್ಷದ ಈಚೆ ನಾನು ಅದನ್ನು ಹಿಡಿದುಕೊಂಡು ಓಣಿಗೆ ಇಳಿದಿದ್ದೇನೆ. ನಿಮಗೆ ಕೃತಜ್ಞತೆ ಹೇಳಲು ಇದಕ್ಕಿಂತ ದೊಡ್ಡ ಮಾತು ನನ್ನಲ್ಲಿಲ್ಲ. ನಾಲ್ಕನೆಯ ಮೆಸೇಜು ಕಳಿಸಿದ ದಿನಗಳಲ್ಲಿರುವ ನಿಮಗೇ ಈ ಕಾಗದ, ಆದ್ದರಿಂದ ಒಂದೇ ಒಂದು ಬೇಡಿಕೆ ಇದೆ. ಏಳನೆಯ ತಿಂಗಳಿಗೆ ಪಾದ ಊದುತ್ತದಂತೆ. ನಮ್ಮ ಮನೆಯ ಹೆಂಗಸರಿಗೆಲ್ಲ ಆಗಿದೆ, ನಿಮಗೂ ಆಗಬಹುದು. ಆಗ ಅಭ್ಯಾಸವನ್ನು ಬಿಟ್ಟು ಕಾಲು ಮೇಲಿಟ್ಟು ಮಲಗಿರಿ. ಯಾರು ಏನೆಂದರೂ ಏಳಬೇಡಿ.

ನಿಮಗೆ ಈಗ ಇಪ್ಪತ್ತನಾಲ್ಕು ವರ್ಷ. ಮೊಮ್ಮಗಳ ಸಾಲಿನವಳಾಗಿ ನಿಮ್ಮ ಪಾದ ಮುಟ್ಟುತ್ತೇನೆ. ವಯಸ್ಸಿನಲ್ಲಿ ನಾನೇ ಹಿರಿಯಳಾದ್ದರಿಂದ ತಲೆ ಸವರಿ ಹರಸುವ ಆಸೆಯೂ ಇದೆ. ಹೆರಿಗೆ ಸುಸೂತ್ರವಾಗಲಿ. ನಿಮ್ಮ ಹೊಟ್ಟೆಯಲ್ಲಿರುವ ಕೂಸಿನ ಹೆಸರು ನನಗೆ ಗೊತ್ತಿದೆ, ಅಕ್ಕನಿಗೂ ಗೊತ್ತಿದೆ. ಬರೆಯೋಣವೇ ಎಂದು ಅವಳು ಕೇಳಿದಳು. ನಾನು ಬೇಡವೆಂದೆ. ಆ ಹೆಸರನ್ನು ಮೊದಲು ಕರೆಯಬೇಕಾದವರು ನೀವು.

ಇಂತಿ ನಿಮ್ಮವಳು,
ಆರಿದ್ರಾ