ಕಣ್ಣು ಬೀಳದ ಹಾಗೆ

ಅಲೆಕ್ಸಾಂಡ್ರಿಯಾ
೨೩ ಆಗಸ್ಟ್ ೧೯೮೭

ನನ್ನ ಮುದ್ದು ಸಮೀಹಾ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಕುವೈತಿನ ಬಿಸಿಲು ಸ್ವಲ್ಪವಾದರೂ ಇಳಿಯಿತೇ? ಆಸ್ಪತ್ರೆಯಲ್ಲಿ ಹಗಲು ಪಾಳಿ ಕೊಟ್ಟರೇ? ನಿನ್ನ ಎರಡು ಕಾಗದಗಳಿಗೆ ನನ್ನಿಂದ ಒಂದು ಉತ್ತರವೂ ಬರಲಿಲ್ಲವೆಂದು ಸಿಟ್ಟಾಗಿರುತ್ತೀ. ಆಗು, ನಿನ್ನ ತಪ್ಪಿಲ್ಲ. ಶಾಲೆಯ ವಿಷಯ ಇತ್ಯರ್ಥವಾಗದೆ ಏನೆಂದು ಬರೆಯಲಿ ಅಂತ ಸುಮ್ಮನಿದ್ದೆ. ಅರ್ಧ ಸುದ್ದಿ ಕಳಿಸಿದರೆ ನೀನು ಅಲ್ಲಿ ಊಟ ಬಿಡುತ್ತೀ, ನಾನು ಇಲ್ಲಿ ನಿದ್ದೆ ಬಿಡುತ್ತೇನೆ. ಈಗ ಎಲ್ಲ ತಿಳಿದಿದೆ. ಆದರೆ ಚಿಕ್ಕಂದಿನ ಅಭ್ಯಾಸದಂತೆ ಕೊನೆಯ ಹಾಳೆಗೆ ಹಾರಬೇಡ. ಮೊದಲಿನಿಂದ ಓದಿಕೊಂಡು ಬಾ.

ನನ್ನ ಮೊಣಕಾಲು ಇದ್ದ ಹಾಗೇ ಇದೆ. ಮೇಲಿನ ಮನೆಯ ಉಮ್ಮ್ ಹಿಲ್ಮಿಯ ಮಗನ ನಿಶ್ಚಿತಾರ್ಥ ಮುರಿದುಬಿತ್ತು. ಹುಡುಗಿಯ ಮನೆಯವರು ಫ್ರಿಜ್ಜು ಯಾರು ತರಬೇಕೆಂಬ ಮಾತಿಗೆ ಎದ್ದು ಹೋದರಂತೆ. ಅವಳು ದಿನಾ ಸಂಜೆ ನನ್ನ ಕಾಫಿ ಕುಡಿದು, ಅತ್ತು, ಮೂಗೊರೆಸಿಕೊಂಡು ಹೋಗುತ್ತಾಳೆ. ಅಂಜೂರ ಈ ಸಲ ಸಿಹಿಯಾಗಿದೆ. ನೀನಿದ್ದಿದ್ದರೆ ಎಂದುಕೊಂಡೇ ತಿಂದೆವು.

ಇನ್ನು ನಿನ್ನ ಮಗಳ ಶಾಲೆ. ಶಾಹಿಂದಾಳ ಪ್ರಾಥಮಿಕ ಪರೀಕ್ಷೆಯ ಅಂಕ ನಿನಗೆ ಗೊತ್ತೇ ಇದೆ. ಆದರೆ ಕಾನ್ವೆಂಟಿನ ಸಿಸ್ಟರ್‌ಗಳ ಆ ಶಾಲೆಯಲ್ಲಿ ಮಾಧ್ಯಮಿಕ ತರಗತಿಗೆ ಬರೀ ಅಂಕ ಸಾಲದು. ಹುಡುಗಿ ಯಾವುದರಲ್ಲಿ ಗಟ್ಟಿ, ಅವಳಿಗೆ ಏನು ಇಷ್ಟ, ಇದನ್ನು ಮನೆಯವರು ಒಂದು ಪುಟದಲ್ಲಿ ಬರೆದು ಕೊಡಬೇಕು. ಅದನ್ನು ಓದಿ ಕರೆಸುತ್ತಾರೆ, ಮಾತಾಡಿಸುತ್ತಾರೆ, ಆಮೇಲೆ ಹೌದೋ ಅಲ್ಲವೋ ಹೇಳುತ್ತಾರೆ. ಅಲ್ಲ ಎಂದರೆ ನಮ್ಮ ಬೀದಿಯ ಎರಡು ಪಾಳಿಯ ಶಾಲೆಯೇ ಗತಿ. ಅಲ್ಲಿ ಪ್ರಯೋಗಶಾಲೆಯ ಬೀಗಕ್ಕೆ ತುಕ್ಕು ಹಿಡಿದಿದೆ. ಸಿಸ್ಟರ್‌ಗಳ ಪ್ರಯೋಗಶಾಲೆಯನ್ನು ನಮ್ಮ ಹುಡುಗಿ ಅರ್ಜಿ ಕೊಡಲು ಹೋದ ದಿನ ಕಿಟಕಿಯಿಂದ ನೋಡಿಬಿಟ್ಟಿದ್ದಳು. ಅಂದಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಸಿಗದಿದ್ದರೆ ಏನಾಗುತ್ತಾಳೋ ಎಂದು ನನಗೆ ಒಳಗೊಳಗೇ ಪುಕುಪುಕು.

ನೀನು ಅಲ್ಲಿಂದ ಬರೆದು ಕಳಿಸಿದ ಪುಟ ಸಮಯಕ್ಕೆ ಸರಿಯಾಗಿ ಬಂತು. ಎಷ್ಟು ಚೆನ್ನಾಗಿ ಬರೆದಿದ್ದೀ, ಮುತ್ತು ಪೋಣಿಸಿದ ಹಾಗೆ. ಅವಳ ಹಾಡು, ಮಾಳಿಗೆಯ ಮೊಲಗಳ ಮೇಲಿನ ಅವಳ ಅಕ್ಕರೆ, ಹೂವಿನ ಚಿತ್ರಗಳು, ಸಮುದ್ರ ಕಂಡರೆ ಸೆರಗು ಹಿಡಿದುಕೊಳ್ಳುವ ಮೆದು ಸ್ವಭಾವ, ಎಲ್ಲ ಇತ್ತು. ನಾನು ಮುದುಕಿ, ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹೆಮ್ಮೆ ತಡೆಯದೆ ಉಮ್ಮ್ ಹಿಲ್ಮಿಗೆ ಓದಿ ಹೇಳಿದೆ. ಅವಳು ಬಟ್ಟಲು ಕೆಳಗಿಟ್ಟು, ಇಂಥ ಮಗು ಈ ಬೀದಿಯಲ್ಲೇ ಇಲ್ಲ ಅಂದಳು. ದೃಷ್ಟಿ ತಾಗದ ಹಾಗೆ ಮಾಶಾ ಅಲ್ಲಾಹ್ ಅನ್ನಲಿಲ್ಲ. ಒಂದು ಸಲವೂ ಅನ್ನಲಿಲ್ಲ, ನಾನು ಕಾದೇ ಇದ್ದೆ. ಮಾರನೆಯ ದಿನ ಹುಡುಗಿಗೆ ಜ್ವರ.

ನಾನು ಏನು ಮಾಡಿದೆನೆಂದು ನೀನು ಊಹಿಸಿರುತ್ತೀ. ಕತ್ತರಿ ತೆಗೆದು ಆ ಪುಟದಿಂದಲೇ ಒಂದು ಬೊಂಬೆ ಕತ್ತರಿಸಿದೆ. ಕಂಡವರ, ಕಾಣದವರ, ಉಮ್ಮ್ ಹಿಲ್ಮಿಯ ಹೆಸರು ಹೇಳುತ್ತ ಸೂಜಿಯಿಂದ ಚುಚ್ಚಿದೆ. ಪಟಿಕ, ಧೂಪ ಹಾಕಿ ಸುಟ್ಟೆ. ಬೂದಿಯ ಬೊಟ್ಟನ್ನು ಅವಳ ಹಣೆಗಿಟ್ಟೆ. ನರ್ಸಮ್ಮ ಈಗ ನಗುತ್ತಿರುತ್ತಾಳೆ. ನಗು. ಜ್ವರ ಎರಡು ದಿನದಲ್ಲಿ ಬಿಟ್ಟಿತು.

ಆದರೆ ಶಾಲೆಗೆ ಕೊಡಲು ಪುಟವೇ ಇಲ್ಲವಲ್ಲ. ಕೊನೆಗೆ ನಾನೇ ಕೂತು ಬರೆದೆ. ಹೊಗಳಲು ಕೈ ಏಳಲಿಲ್ಲ. ಆ ಹಾಳೆ ಎಷ್ಟು ಜನರ ಕಣ್ಣಿಗೆ ಬೀಳುತ್ತದೋ ಯಾರಿಗೆ ಗೊತ್ತು. ನನ್ನ ಅಮ್ಮ ನನ್ನನ್ನು ಬೆಳೆಸಿದ, ನಾನು ನಿನ್ನನ್ನು ಬೆಳೆಸಿದ ರೀತಿಯಲ್ಲೇ ಬರೆದೆ. ಹುಡುಗಿ ಕಪ್ಪು, ಕಡ್ಡಿ. ನಾಲಿಗೆ ಉದ್ದ. ಒಂದು ಹೇಳಿದರೆ ಹತ್ತು ಕೇಳುತ್ತಾಳೆ. ಅಡುಗೆಮನೆಗೆ ಕಾಲಿಡುವುದಿಲ್ಲ. ಮನೆಯಲ್ಲಿ ತಿರುಪು ಇರುವ ಯಾವ ವಸ್ತುವನ್ನೂ ನೆಟ್ಟಗೆ ಇರಗೊಡುವುದಿಲ್ಲ. ಬಿಟ್ಟರೆ ಇಡೀ ದಿನ ಸಮುದ್ರದಲ್ಲಿ, ಇಲ್ಲವೇ ಕೆಳಗಿನ ರೇಡಿಯೋ ರಿಪೇರಿ ಅಂಗಡಿಯಲ್ಲಿ. ಇಷ್ಟು ಬರೆದು, ಕೆಳಗೆ ಸಹಿ ಹಾಕಿ ಕೊಟ್ಟು ಬಂದೆ.

ವಾರದೊಳಗೆ ಕರೆ ಬಂತು. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಇರೀನಿ ನನ್ನದೇ ವಯಸ್ಸಿನವರು, ಮಿನ್ಯಾ ಕಡೆಯವರು. ಶಾಹಿಂದಾಳನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು. ಪುಟ ಮೇಜಿನ ಮೇಲೆ ಇತ್ತು.

"ಹಾಜ್ಜಾ, ಮೂವತ್ತು ವರ್ಷದಿಂದ ಇಂಥ ಪುಟಗಳನ್ನ ಓದ್ತಿದೀನಿ. ಎಲ್ಲರ ಮನೇಲೂ ದೇವತೆಗಳೇ ಹುಟ್ಟಿರ್ತಾರೆ. ನಿಮ್ಮನೇಲಿ ಮಾತ್ರ ಹೀಗ್ಯಾಕೆ?"

ನಾನು ಚೀಲದ ಹಿಡಿ ತಿರುವುತ್ತ ಕೂತೆ. ಅವರೇ ನಕ್ಕರು. ತಮಗಿಂತ ಮುಂಚೆ ಹುಟ್ಟಿದ ಮಕ್ಕಳು ಉಳಿಯಲಿಲ್ಲವಾದ್ದರಿಂದ ತಾಯಿ ತಮ್ಮನ್ನು ದೊಡ್ಡವಳಾಗುವವರೆಗೂ ಜಿರಳೆ ಎಂದೇ ಕರೆಯುತ್ತಿದ್ದಳೆಂದು ಹೇಳಿದರು. ಆಮೇಲೆ ಪೆನ್ಸಿಲ್ ಹಿಡಿದು ಒಂದೊಂದೇ ದೋಷದ ವಿಚಾರಣೆ ಶುರು ಮಾಡಿದರು. ತಿರುಪು ಬಿಚ್ಚುತ್ತಾಳೆ ಅಂದರೆ ಏನನ್ನು ಬಿಚ್ಚಿದಳು? ಅಲಾರಂ ಗಡಿಯಾರ ಅಂದೆ. ಮತ್ತೆ ಜೋಡಿಸಿದಳಾ? ಜೋಡಿಸಿದಳು. ಈಗ ನಡೆಯುತ್ತಾ?

"ಮುಂಚೆಗಿಂತ ಚೆನ್ನಾಗೇ ನಡೀತದೆ. ಆದ್ರೆ ಅದು ಬೇರೆ ಮಾತು," ಅಂದೆ.

ಅವರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಹತ್ತು ಪ್ರಶ್ನೆ ಕೇಳುತ್ತಾಳೆ ಅಂದಿದ್ದಕ್ಕೆ, ಎಂಥ ಪ್ರಶ್ನೆ ಎಂದು ಕೇಳಿದರು. ಉಪ್ಪುನೀರಿನಲ್ಲಿ ಮೊಟ್ಟೆ ಯಾಕೆ ತೇಲುತ್ತದೆ, ಹಾಗಾದರೆ ಸತ್ತ ಮೀನೂ ಯಾಕೆ ತೇಲುತ್ತದೆ ಅಂತ ನನ್ನ ತಲೆ ತಿನ್ನುತ್ತಾಳೆ ಅಂದೆ. ಅದನ್ನೂ ಬರೆದುಕೊಂಡರು. ಕೊನೆಗೆ ಪೆನ್ಸಿಲ್ ಕೆಳಗಿಟ್ಟರು.

"ಈಗ ಒಂದೇ ಒಂದು ಒಳ್ಳೇ ಗುಣ ಹೇಳಿ, ಹಾಜ್ಜಾ. ನೀವಾಗಿ ಹೇಳ್ಬೇಕು. ಈ ಬಾಗಿಲು ದಾಟಿ ಹೋಗಲ್ಲ."

ಸಮೀಹಾ, ನನಗೆ ಬೆವರು ಕಿತ್ತುಕೊಂಡಿತು. ದೃಷ್ಟಿ ತಡೆಯಲೆಂದು ಮೇಜಿನ ಕೆಳಗೆ ಐದು ಬೆರಳು ಅಗಲಿಸಿ ಮೊಣಕಾಲ ಮೇಲಿಟ್ಟುಕೊಂಡೆ. ಮನಸ್ಸಿನಲ್ಲೇ ದೇವರ ಹೆಸರು ಹೇಳಿದೆ. ಆಮೇಲೆ ಬಾಯಿ ಬಿಟ್ಟೆ.

"ಇನ್ನೊಬ್ಬರ ಮಾನ ಕಾಯ್ತಾಳೆ, ಸಿಸ್ಟರ್. ಈ ವಯಸ್ಸಿಗೇ."

ಹೇಗೆ ಎಂದರು. ಅದು ಮನೆ ಮಾತು, ಹೇಳುವುದಿಲ್ಲ ಅಂದೆ. ಅವರು ಬಲವಂತ ಮಾಡದೆ ಶಾಹಿಂದಾಳನ್ನು ಒಳಗೆ ಕರೆದರು. ಅವಳು ಕೂತವಳೇ, ಆ ಫ್ಯಾನು ಯಾಕೆ ಸದ್ದು ಮಾಡುತ್ತದೆಂದು ವಿವರಿಸತೊಡಗಿದಳು. ನಾನು ನೆಲ ನೋಡುತ್ತ ಕೂತೆ.

ಮೊನ್ನೆ ಗುರುವಾರ ಗೇಟಿನಲ್ಲಿ ಹೆಸರು ಹಾಕಿದ್ದರು. ಅವಳ ಹೆಸರಿದೆ. ಉಮ್ಮ್ ಹಿಲ್ಮಿ ಶರಬತ್ತು ಹಂಚೋಣ ಅಂದಳು, ನಾನು ಬೇಡ ಅಂದೆ. ನಾನೂ ಹುಡುಗಿಯೂ ಇಬ್ಬರೇ ಬಾಗಿಲು ಹಾಕಿಕೊಂಡು ಕುಡಿದೆವು. ಶಾಲೆ ಸೆಪ್ಟೆಂಬರ್ ಕೊನೆಗೆ ಶುರು. ಬೂದು ಲಂಗ, ಬಿಳಿ ಅಂಗಿ. ಬಟ್ಟೆ ತಂದಾಯಿತು.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ತಣ್ಣೀರು ಗಟಗಟ ಕುಡಿಯಬೇಡ. ನಿನ್ನ ಕೈ ಮುಟ್ಟಿದ ಪ್ರತಿ ರೋಗಿಯ ಹರಕೆ ನಿನಗೆ ಸಿಗಲಿ. ನಿನ್ನ ದಾರಿಯಲ್ಲಿ ಕಲ್ಲು ಮುಳ್ಳು ಇಲ್ಲದಿರಲಿ. ನನ್ನ ಕಣ್ಣು ಮುಚ್ಚುವ ಮೊದಲು ದೇವರು ನಮ್ಮನ್ನೆಲ್ಲ ಒಂದೇ ಸೂರಿನಡಿ ಕೂರಿಸಲಿ.

ನಿನ್ನ ಅಮ್ಮ,
ವಗೀಹಾ

ತಾ.ಕ. ನಿನ್ನೆಯೇ ಲಕೋಟೆ ಅಂಟಿಸಬೇಕೆಂದಿದ್ದೆ, ಆಗಲಿಲ್ಲ. ಬೆಳಿಗ್ಗೆ ಎದ್ದು ಮತ್ತೆ ಪೆನ್ನು ಹಿಡಿದಿದ್ದೇನೆ. ಬೊಂಬೆ ಸುಟ್ಟದ್ದು ನಿಜ. ಆದರೆ ಅದು ಹಳೆಯ ದಿನಪತ್ರಿಕೆಯ ಹಾಳೆ, ನಿನ್ನ ಪುಟವಲ್ಲ. ನಿನ್ನದನ್ನು ಶಾಲೆಗೆ ಕೊಡದಿರಲು ಉಮ್ಮ್ ಹಿಲ್ಮಿಯ ಕಣ್ಣು ಕಾರಣವಲ್ಲ.

ಜ್ವರ ಬಿಟ್ಟ ಮೇಲೆ ಶಾಹಿಂದಾ ಅದನ್ನು ಓದಿದಳು. ಓದಿ, ಮಡಿಸಿ, ನನ್ನ ಪಕ್ಕ ಬಂದು ಕೂತಳು.

"ಅಜ್ಜೀ, ಇದನ್ನ ಕೊಡೋದು ಬೇಡ. ಅಮ್ಮಂಗೆ ನಾನು ಹೇಗಿದೀನಿ ಅಂತಾನೇ ಗೊತ್ತಿಲ್ಲ ಅಂತ ಸಿಸ್ಟರ್‌ಗೆ ಗೊತ್ತಾಗಿಬಿಡತ್ತೆ. ದೃಷ್ಟಿಯಾಗತ್ತೆ ಅಂತ ನೀನೇ ಸುಟ್ಟೆ ಅಂತ ಹೇಳು. ನೀನು ಹೇಳಿದ್ರೆ ಎಲ್ಲಾರೂ ನಂಬ್ತಾರೆ. ಅಮ್ಮಾನೂ ನಂಬ್ತಾಳೆ."

ನೀನು ಬರೆದದ್ದರಲ್ಲಿ ಸುಳ್ಳಿಲ್ಲ, ಮಗಳೇ. ಆದರೆ ಅದು ಏಳು ವರ್ಷದ ಹುಡುಗಿ. ನಿನ್ನ ಅಪ್ಪ ತೀರಿಕೊಂಡ ನಲವತ್ತನೆಯ ದಿನಕ್ಕೆ ಬಂದಾಗ ನೀನು ನೋಡಿ ಹೋದವಳು. ಈಗಿನವಳು ಬಂಡೆಯ ಮೇಲಿನಿಂದ ಸಮುದ್ರಕ್ಕೆ ಧುಮುಕುತ್ತಾಳೆ. ಮುಲೂಖಿಯ್ಯಾ ಸೊಪ್ಪಿನ ಸಾರು ಮಾಡಿದ ದಿನ ಮೊಲದ ತೊಡೆ ತನಗೇ ಬೇಕೆಂದು ಜಗಳ ಕಾಯುತ್ತಾಳೆ. ಹಾಡು ಬಿಟ್ಟು ಕಾಲವಾಯಿತು. ನಿನಗೆ ಕಳಿಸಿದ ಹಬ್ಬದ ಫೋಟೋದ ಗುಲಾಬಿ ರಿಬ್ಬನ್ನು ನಾನು ಬೈದು ಕಟ್ಟಿಸಿದ್ದು.

ತಪ್ಪು ನಿನ್ನೊಬ್ಬಳದಲ್ಲ. ಈ ನಾಲ್ಕು ವರ್ಷದಲ್ಲಿ ಅವಳ ಬಗ್ಗೆ ನಾನು ನಿನಗೆ ಒಂದು ಒಳ್ಳೆಯ ಮಾತೂ ಬರೆದಿಲ್ಲ. ಕತ್ತೆ ಇದ್ದ ಹಾಗೇ ಇದ್ದಾಳೆ ಅಂತ ಬರೆಯುತ್ತಿದ್ದೆ, ಅಷ್ಟೇ. ಕಾಗದ ಎಷ್ಟು ಕೈ ದಾಟಿ ಹೋಗುತ್ತದೋ ಎಂಬ ಭಯ. ಊರಿನ ಕಣ್ಣಿನಿಂದ ಕಾಯಲು ಹೋಗಿ ತಾಯಿಯ ಕಣ್ಣಿನಿಂದಲೂ ಅವಳನ್ನು ಮರೆಮಾಡಿಬಿಟ್ಟೆ. ನಿನ್ನ ಪುಟ ಅವಳ ಪೆಟ್ಟಿಗೆಯಲ್ಲಿದೆ. ಅಮ್ಮನ ಅಕ್ಷರ ಚಂದ ಅಂತ ಇಟ್ಟುಕೊಂಡಿದ್ದಾಳೆ.

ಈ ವರ್ಷವೂ ರಜೆಯನ್ನು ಸಂಬಳಕ್ಕೆ ಮಾರಿಕೊಳ್ಳಬೇಡ. ಶಾಲೆ ಶುರುವಾಗುವ ಮೊದಲು ಬಾ. ಬರುವಾಗ ಬೊಂಬೆ ತರಬೇಡ. ಗಡಿಯಾರ ರಿಪೇರಿಯವರ ಹತ್ತಿರ ಇರುತ್ತದಲ್ಲ, ಸಣ್ಣ ಸಣ್ಣ ಸ್ಕ್ರೂಡ್ರೈವರುಗಳ ಡಬ್ಬಿ, ಅದನ್ನು ತಾ. ನಾನು ತಿಳಿಸಿದೆನೆಂದು ಬಾಯಿ ಬಿಡಬೇಡ. ಅಮ್ಮನಿಗೆ ತಾನಾಗಿಯೇ ಗೊತ್ತಿತ್ತು ಎಂದುಕೊಳ್ಳಲಿ.