ಮಗ್ಗದ ಸದ್ದು ನಿಂತಾಗ

ಬಾಗಲಕೋಟೆ, ಮಂಗಳವಾರ

ಅಪ್ಪಾಜಿ, ನಿಮ್ಮ ಪದ್ಮಶ್ರೀಯ ಶರಣು.

ಹೊಸ ಕಾದಂಬರಿಯೊಂದರ ಮೂರು ಅಧ್ಯಾಯ ಈಗಷ್ಟೇ ಓದಿದೆ. ಪುಸ್ತಕ ಮುಚ್ಚಿದವಳೇ ಅವಸರದಲ್ಲಿ ಬರೆಯಲು ಕೂತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ! ಮುಂದೆಂದೋ ಬರುವ ಕಾಲದ ನಗರವದು. ಅಲ್ಲಿ ಓದುವುದೇ ಅಪರಾಧ. ಮನೆಮನೆಯ ಮಗ್ಗದ ಸದ್ದಿಗೆ ಸರ್ಕಾರ ಕಿವಿಗೊಟ್ಟಿರುತ್ತದೆ. ಸದ್ದು ನಿಂತರೆ ಸಿಪಾಯಿಗಳು ಬರುತ್ತಾರೆ. ಒಬ್ಬ ಹುಡುಗಿ ಮಗ್ಗದ ಮೇಲೆ ಪುಸ್ತಕ ತೆರೆದು ಮೈಮರೆತಿದ್ದಾಳೆ. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳುತ್ತದೆ. ಅಲ್ಲಿಗೆ ಮೂರನೆಯ ಅಧ್ಯಾಯ ಮುಗಿಯಿತು!

ನನಗೆ ಗುಳೇದಗುಡ್ಡದ ನಮ್ಮ ಮನೆಯೇ ಕಂಡಿತು. ಖಣ ನೇಯುವುದು ಬಿಟ್ಟು ನಾನು ಕದ್ದು ಓದುವಾಗ ಅಡುಗೆಮನೆಯಿಂದ ಅವ್ವ, "ಮಗ್ಗ ಯಾಕ ನಿಂತೈತಿ?" ಎಂದು ಕೂಗುತ್ತಿದ್ದಳು. ನೀವು ಮೆಲ್ಲಗೆ ಬಂದು, ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು, "ನೀ ಓದವ್ವಾ, ನಾ ನೇಯ್ತೇನಿ" ಎನ್ನುತ್ತಿದ್ದಿರಿ. ಕಾದಂಬರಿಯ ಹುಡುಗಿಗೆ ಅಂಥ ಅಪ್ಪನಿಲ್ಲ.

ಈ ಪತ್ರ ಅವ್ವನಿಗೆ ತೋರಿಸಬೇಡಿ; ಆಗ ನನ್ನ ಬದಲು ನೇಯುತ್ತಿದ್ದವರು ನೀವೆಂದು ಅವಳಿಗೆ ಇನ್ನೂ ಗೊತ್ತಿಲ್ಲ. ನಾಲ್ಕನೆಯ ಅಧ್ಯಾಯವನ್ನು ಒಬ್ಬಳೇ ಓದಲು ನನಗೆ ಧೈರ್ಯ ಸಾಲದು. ಭಾನುವಾರ ಪುಸ್ತಕ ತರುತ್ತೇನೆ, ಚಸ್ಮಾ ಒರೆಸಿಟ್ಟಿರಿ. ನೀವು ಓದಿರಿ, ಮಗ್ಗಕ್ಕೆ ನಾನು ಕೂಡುತ್ತೇನೆ.

ನಿಮ್ಮ ಮಗಳು,
ಪದ್ಮಶ್ರೀ